ಪದವಿಗೆ ಮಾನವಶಾಸ್ತ್ರ ಆರಿಸಿಕೊಳ್ಳುವ ಮುನ್ನ

ಪಿಯುಸಿ ಮುಗಿಸಿದ ಹುಡುಗನೋ ಹುಡುಗಿಯೋ ‘ಪದವಿಗೆ ಮಾನವಶಾಸ್ತ್ರ ತೆಗೆದುಕೊಳ್ಳುತ್ತೇನೆ’ ಎಂದರೆ ಮನೆಗೆ ಬಂದ ನೆಂಟರಲ್ಲಿ ಕೆಲವರಾದರೂ ಅದನ್ನು ‘ಮನಶ್ಶಾಸ್ತ್ರ’ ಎಂದು ಕೇಳಿಸಿಕೊಂಡು, ಹುಚ್ಚು ಬಿಡಿಸುವ ಡಾಕ್ಟರಾಗುತ್ತೀಯಾ ಎಂದು ವಿಚಾರಿಸುತ್ತಾರೆ. ಸ್ವಲ್ಪ ಓದಿಕೊಂಡವರು ಅದು ಸಮಾಜಶಾಸ್ತ್ರದ ಇನ್ನೊಂದು ಹೆಸರೆಂದು ಭಾವಿಸುತ್ತಾರೆ. ನಿಜದಲ್ಲಿ ಮಾನವಶಾಸ್ತ್ರ (ಆಂಥ್ರೊಪಾಲಜಿ) ಮನುಷ್ಯನನ್ನು ದೇಹವಾಗಿಯೂ ಸಮಾಜವಾಗಿಯೂ ಒಟ್ಟಿಗೆ ನೋಡುವ ಶಾಸ್ತ್ರ. ನೆಂಟರನ್ನು ದೂರುವಂತಿಲ್ಲ, ಏಕೆಂದರೆ ನಮ್ಮ ಪಿಯುಸಿಯಲ್ಲಿ ಈ ವಿಷಯವೇ ಇಲ್ಲ. ಇತಿಹಾಸವನ್ನೋ ರಸಾಯನಶಾಸ್ತ್ರವನ್ನೋ ಪದವಿಗೆ ಆರಿಸುವವರು ಎರಡು ವರ್ಷ ಅದನ್ನು ಓದಿ, ಇಷ್ಟವೋ ಕಷ್ಟವೋ ಎಂಬುದನ್ನು ತಿಳಿದುಕೊಂಡೇ ಅರ್ಜಿ ತುಂಬುತ್ತಾರೆ. ಮಾನವಶಾಸ್ತ್ರವನ್ನು ಆರಿಸುವವರಿಗೆ ಆ ಅನುಕೂಲವಿಲ್ಲ. ಅವರು ಒಂದು ಪುಟವನ್ನೂ ಓದದೆ ಮೂರು ವರ್ಷವನ್ನು ಒಪ್ಪಿಸಿಬಿಡುತ್ತಾರೆ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಕಾಲೇಜುಗಳ ಪಟ್ಟಿಗಾಗಲಿ ಉದ್ಯೋಗಗಳ ಪಟ್ಟಿಗಾಗಲಿ ಮೀಸಲಾಗಿಲ್ಲ. ಅರ್ಜಿ ತುಂಬುವ ಮುಂಚೆ, ಮನೆಯಲ್ಲೇ ಕುಳಿತು, ಈ ವಿಷಯ ತನಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ಮುಖ್ಯ ಮಾತು.

ಮೊದಲಿಗೆ ವಿಷಯದ ಹರಹನ್ನು ತಿಳಿಯಬೇಕು. ಮಾನವಶಾಸ್ತ್ರಕ್ಕೆ ಸಾಂಪ್ರದಾಯಿಕವಾಗಿ ನಾಲ್ಕು ಕವಲುಗಳಿವೆ, ಮತ್ತು ಇವುಗಳಲ್ಲಿ ಒಂದನ್ನು ಮೆಚ್ಚಿ ಬಂದವರು ಉಳಿದ ಮೂರನ್ನು ಕಂಡು ಬೆಚ್ಚುವುದು ಸಾಮಾನ್ಯ. ಬುಡಕಟ್ಟುಗಳ ಬದುಕನ್ನು ಓದುತ್ತೇನೆಂದು ಬಂದ ಕಲಾ ವಿಭಾಗದ ವಿದ್ಯಾರ್ಥಿಯ ಮುಂದೆ ಮೊದಲ ಸೆಮಿಸ್ಟರಿನಲ್ಲೇ ತಲೆಬುರುಡೆಯೊಂದನ್ನು ಇಟ್ಟು, ಅದರ ಒಂದೊಂದು ಮೂಳೆಯ ಹೆಸರನ್ನು ಕಲಿಯಲು ಹೇಳಬಹುದು. ಇದು ಜೈವಿಕ ಮಾನವಶಾಸ್ತ್ರ. ಮಾನವನ ವಿಕಾಸ, ವಂಶವಾಹಿಗಳು, ದೇಹದ ಅಳತೆ, ಅಸ್ಥಿಪಂಜರ ನೋಡಿ ವಯಸ್ಸನ್ನೂ ಲಿಂಗವನ್ನೂ ಅಂದಾಜಿಸುವ ವಿಧಾನ ಎಲ್ಲವೂ ಇದರೊಳಗೆ ಬರುತ್ತವೆ. ಇದು ಒಣ ಪಾಠವೆಂದು ತಳ್ಳಿಹಾಕುವ ಮುನ್ನ ಒಂದು ಉದಾಹರಣೆಯನ್ನು ನೋಡಬಹುದು. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ ಭಾರತದಲ್ಲಿ ಇದೆಯೆಂಬುದು 1952ರಲ್ಲಿ ನೀಲಗಿರಿಯ ಬುಡಕಟ್ಟುಗಳ ರಕ್ತಪರೀಕ್ಷೆಯಿಂದ ಗೊತ್ತಾಯಿತು. ಅದು ನಮ್ಮ ಚಾಮರಾಜನಗರದ ಸೋಲಿಗ ಬುಡಕಟ್ಟಿನವರ ಹಟ್ಟಿಗಳಾದ ಪೋಡುಗಳಲ್ಲೂ ಇದೆ. ತಂದೆತಾಯಿ ಇಬ್ಬರಿಂದಲೂ ಆ ವಂಶವಾಹಿ ಬಂದರೆ ಮಗು ಕಾಯಿಲೆಯಿಂದ ನರಳುತ್ತದೆ, ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾದ ವಿರುದ್ಧ ಒಂದಿಷ್ಟು ರಕ್ಷಣೆ ಸಿಗುತ್ತದೆ. ಹಾಗಾದರೆ ಯಾರು ಯಾರನ್ನು ಮದುವೆಯಾಗುತ್ತಾರೆ, ಕಾಡಿನ ಯಾವ ಭಾಗದಲ್ಲಿ ತಲೆಮಾರುಗಳಿಂದ ವಾಸವಿದ್ದಾರೆ, ಆಸ್ಪತ್ರೆಯನ್ನು ನಂಬುತ್ತಾರೆಯೇ ಎಂಬ ಪ್ರಶ್ನೆಗಳೆಲ್ಲ ರಕ್ತದ ಪ್ರಶ್ನೆಯ ಜೊತೆಗೇ ಹೆಣೆದುಕೊಳ್ಳುತ್ತವೆ. ಕೇಂದ್ರ ಸರ್ಕಾರ 2047ರೊಳಗೆ ಈ ಕಾಯಿಲೆಯನ್ನು ನಿರ್ಮೂಲ ಮಾಡುವ ಗುರಿಯಿಟ್ಟು 2023ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿದೆ. ಪ್ರಯೋಗಾಲಯವನ್ನೂ ಪೋಡನ್ನೂ ಒಟ್ಟಿಗೆ ಬಲ್ಲವರು ಅಂಥ ಕೆಲಸಕ್ಕೆ ಬೇಕು, ಆ ಎರಡನ್ನೂ ಒಂದೇ ತರಗತಿಯಲ್ಲಿ ಕಲಿಸುವ ವಿಷಯಗಳು ವಿರಳ.

ಎರಡನೆಯದು ಪ್ರಾಗಿತಿಹಾಸ, ಅಂದರೆ ಬರವಣಿಗೆ ಹುಟ್ಟುವ ಮುಂಚಿನ ಕಾಲದ ಅಧ್ಯಯನ. ಕನ್ನಡ ನಾಡಿನ ವಿದ್ಯಾರ್ಥಿಗೆ ಇದು ಮನೆಯಂಗಳದ ಪಾಠ: ಯಾದಗಿರಿ ಜಿಲ್ಲೆಯ ಈಸಾಂಪುರದಲ್ಲಿ ಸುಣ್ಣಕಲ್ಲನ್ನು ಒಡೆದು ಆಯುಧ ಮಾಡುತ್ತಿದ್ದ, ಹತ್ತು ಲಕ್ಷ ವರ್ಷಕ್ಕೂ ಹಿಂದಿನದೆಂದು ಅಂದಾಜಿಸಲಾದ ನೆಲೆಯಿದೆ; ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಬೆಟ್ಟಗಳಿವೆ. ಮೂರನೆಯದು ಭಾಷೆಗೆ ಸಂಬಂಧಿಸಿದ ಕವಲು. ನಮ್ಮ ಕಾಲೇಜುಗಳಲ್ಲಿ ಅದಕ್ಕೆ ಸಿಗುವ ಜಾಗ ಸಣ್ಣದು.

ನಾಲ್ಕನೆಯದಾದ ಸಾಮಾಜಿಕ ಮತ್ತು ಸಾಂಸ್ಕೃತಿಕ ಮಾನವಶಾಸ್ತ್ರವೇ ಹೆಚ್ಚಿನವರನ್ನು ಸೆಳೆಯುವ ಕವಲು, ಮತ್ತು ಇಲ್ಲಿ ಮೈಸೂರಿನ ಎಂ.ಎನ್. ಶ್ರೀನಿವಾಸರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆಕ್ಸ್‌ಫರ್ಡಿನಲ್ಲಿ ಸಾಮಾಜಿಕ ಮಾನವಶಾಸ್ತ್ರ ಓದಿ ಬಂದ ಅವರು 1948ರಲ್ಲಿ ಮೈಸೂರಿಗೆ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ, ತಮ್ಮ ಬರಹದಲ್ಲಿ ಅದಕ್ಕೆ ರಾಂಪುರ ಎಂಬ ಹೆಸರಿಟ್ಟರು. ಆ ಹಳ್ಳಿಯ ಬಗ್ಗೆ ವರ್ಷಗಳ ಕಾಲ ಸಂಸ್ಕರಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದಾಗ, ನೆನಪಿನ ಆಧಾರದ ಮೇಲೆಯೇ ಆ ಹಳ್ಳಿಯ ಕಥನವನ್ನು ಬರೆದು 1976ರಲ್ಲಿ ಪ್ರಕಟಿಸಿದರು. ಹಳ್ಳಿಯೊಂದು ಒಬ್ಬ ಮನುಷ್ಯನೊಳಗೆ ಅಷ್ಟು ಆಳಕ್ಕೆ ಇಳಿಯಬೇಕಾದರೆ ಅವನು ಅಲ್ಲಿ ಎಷ್ಟು ಕಾಲ ಜಗಲಿಗಳ ಮೇಲೆ ಸುಮ್ಮನೆ ಕುಳಿತು ಆಲಿಸಿರಬೇಕು ಎಂಬುದನ್ನು ಅರ್ಜಿದಾರರು ಯೋಚಿಸಬೇಕು. ಮೇಲ್ಜಾತಿಯವರ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವುದನ್ನು ಅವರು ‘ಸಂಸ್ಕೃತೀಕರಣ’ ಎಂದು ಕರೆದರು. ಈಗ ಪತ್ರಿಕೆಗಳಲ್ಲೂ ಓಡಾಡುವ ‘ಪ್ರಬಲ ಜಾತಿ’ (ಸಂಖ್ಯೆ, ಜಮೀನುಗಳ ಬಲದಿಂದ ಊರಿನಲ್ಲಿ ಮೇಲುಗೈ ಪಡೆದ ಜಾತಿ) ಎಂಬ ಪರಿಕಲ್ಪನೆಯೂ ಅವರದೇ.

ಇಲ್ಲಿಯೇ ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಶ್ರೀನಿವಾಸರ ತರಬೇತಿ ಮಾನವಶಾಸ್ತ್ರದ್ದು, 1959ರಲ್ಲಿ ಅವರು ದೆಹಲಿಯಲ್ಲಿ ಕಟ್ಟಿದ್ದು ಸಮಾಜಶಾಸ್ತ್ರ ವಿಭಾಗವನ್ನು. ಅಂದರೆ ಭಾರತದಲ್ಲಿ ಈ ಎರಡರ ನಡುವಿನ ಗೋಡೆ ಮೊದಲಿನಿಂದಲೂ ಗಟ್ಟಿಯಾಗಿಲ್ಲ. ಹಳ್ಳಿ, ಜಾತಿ, ಮದುವೆ, ದೇವರು ಇವುಗಳ ಬಗ್ಗೆ ಮಾತ್ರ ಕುತೂಹಲವಿದ್ದು ಮೂಳೆ, ವಂಶವಾಹಿ, ಕಲ್ಲಿನ ಆಯುಧಗಳು ಬೇಡವೆನ್ನುವವರು ನಿಸ್ಸಂಕೋಚವಾಗಿ ಸಮಾಜಶಾಸ್ತ್ರವನ್ನು ಆರಿಸಬಹುದು. ಅದು ಹೆಚ್ಚು ಕಾಲೇಜುಗಳಲ್ಲಿ ಸಿಗುತ್ತದೆ, ಪಿಯುಸಿಯಲ್ಲಿಯೂ ಇರುವುದರಿಂದ ಉಪನ್ಯಾಸಕರ ಹುದ್ದೆಗಳೂ ಹೆಚ್ಚಿವೆ. ಕಥೆ, ಹಾಡು, ಆಚರಣೆಗಳ ಪಠ್ಯವೇ ಮುಖ್ಯವೆನ್ನುವವರಿಗೆ ಜಾನಪದದ ದಾರಿಯಿದೆ. ಮನುಷ್ಯನನ್ನು ದೇಹವಾಗಿಯೂ ಸಮಾಜವಾಗಿಯೂ ಒಟ್ಟಿಗೆ ನೋಡುವ ಹಂಬಲವಿದ್ದವರಿಗೆ ಮಾತ್ರ ಮಾನವಶಾಸ್ತ್ರದ ಪದವಿ ನಿಜವಾದ ಅರ್ಥದಲ್ಲಿ ಬೇಕಾಗುತ್ತದೆ.

ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ

ಒಂದು ದೊಡ್ಡ ಹಾಳೆ, ಪೆನ್ಸಿಲು, ಮತ್ತು ಮಾತಾಡಲು ಪುರಸೊತ್ತಿರುವ ಅಜ್ಜಿ ಇದ್ದರೆ ಸಾಕು. ಗಂಡಸರಿಗೆ ತ್ರಿಕೋನ, ಹೆಂಗಸರಿಗೆ ವೃತ್ತ, ಮದುವೆಗೆ ಸಮ ಚಿಹ್ನೆ, ಮಕ್ಕಳಿಗೆ ಕೆಳಗಿಳಿಯುವ ಗೆರೆ: ಇದು ಜಗತ್ತಿನ ಎಲ್ಲೆಡೆ ಮಾನವಶಾಸ್ತ್ರಜ್ಞರು ಬಳಸುವ ಲಿಪಿ. ಅಜ್ಜಿಯ ಅಜ್ಜಿಯವರೆಗೆ, ಆಗದಿದ್ದರೆ ನಾಲ್ಕು ತಲೆಮಾರಾದರೂ, ನಿಮ್ಮ ಮನೆತನವನ್ನು ಈ ಲಿಪಿಯಲ್ಲಿ ಬರೆದು, ಪ್ರತಿಯೊಬ್ಬರ ಕೆಳಗೆ ನೀವು ಅವರನ್ನು ಏನೆಂದು ಕರೆಯುತ್ತೀರಿ ಎಂಬುದನ್ನು ದಾಖಲಿಸಿ. ಅರ್ಧ ಹಾಳೆ ತುಂಬುವುದರೊಳಗೆ ವಿಚಿತ್ರವೊಂದು ಕಣ್ಣಿಗೆ ಬೀಳಬೇಕು. ತಾಯಿಯ ಅಣ್ಣತಮ್ಮಂದಿರು ಮಾವ. ತಂದೆಯ ಅಕ್ಕತಂಗಿಯರ ಗಂಡಂದಿರೂ ಮಾವ. ಮದುವೆಯಾದ ಮೇಲೆ ಗಂಡನ ಅಥವಾ ಹೆಂಡತಿಯ ತಂದೆಯೂ ಮಾವ. ತಾಯಿಯ ಅಕ್ಕನ ಗಂಡ ಮಾತ್ರ ಮಾವನಲ್ಲ, ಅವನು ದೊಡ್ಡಪ್ಪ, ಮತ್ತು ಅವನ ಮಕ್ಕಳು ನಿಮಗೆ ಅಣ್ಣತಮ್ಮ ಅಕ್ಕತಂಗಿಯರು. ಗಂಡಸಿಗೆ ಅಕ್ಕನ ಮಗನೂ ಅಳಿಯನೇ, ಮಗಳ ಗಂಡನೂ ಅಳಿಯನೇ. ಈ ಮೂರು ಮಾವಂದಿರನ್ನು ಒಂದೇ ಪದದಲ್ಲಿ ಏಕೆ ಕಟ್ಟಿಹಾಕಲಾಗಿದೆ ಎಂದು ಹಾಳೆಯನ್ನು ದಿಟ್ಟಿಸಿ ನೋಡಿದರೆ, ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ಹಳೆಯ ರೂಢಿ ಭಾಷೆಯೊಳಗೆ ಅಚ್ಚಾಗಿ ಕುಳಿತಿರುವುದು ಗೋಚರಿಸುತ್ತದೆ: ಆ ರೂಢಿಯಲ್ಲಿ ಸೋದರಮಾವನೇ ಹೆಣ್ಣು ಕೊಟ್ಟ ಮಾವನಾಗುತ್ತಾನೆ, ಎರಡು ಪದ ಬೇಕಾಗುವುದಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಜಗತ್ತಿನ ಹಲವು ಭಾಷೆಗಳ ಸಂಬಂಧಸೂಚಕ ಪದಗಳನ್ನು ಒಟ್ಟುಗೂಡಿಸಿ ಹೋಲಿಸಿದಾಗ ತಮಿಳು, ತೆಲುಗುಗಳ ಜೊತೆ ಕನ್ನಡದ ಪದಗಳೂ ಅದರಲ್ಲಿ ಸೇರಿದ್ದವು. ಬಂಧುತ್ವದ ಶಾಸ್ತ್ರ ಹುಟ್ಟಿದ್ದೇ ಇಂಥ ಪಟ್ಟಿಗಳಿಂದ.

ಧಾರವಾಡದ ಕಡೆಯ ಮನೆಯಾದರೆ ಚಿಕ್ಕಪ್ಪನ ಜಾಗದಲ್ಲಿ ಕಾಕಾ ಬಂದಿರುತ್ತಾನೆ. ತುಳುನಾಡಿನ ಅಳಿಯಸಂತಾನದ ಮನೆಯಾದರೆ ಆಸ್ತಿಯ ಗೆರೆ ತಂದೆಯಿಂದ ಮಗನಿಗೆ ಇಳಿಯದೆ ತಾಯಂದಿರ ಸಾಲಿನಲ್ಲಿ ಇಳಿದಿರುತ್ತದೆ. ಪಟ್ಟಣದಲ್ಲಿ ಬೆಳೆದ ತಮ್ಮ ತಂಗಿಯರ ಬಾಯಲ್ಲಿ ಮಾವ, ಚಿಕ್ಕಪ್ಪ, ದೊಡ್ಡಪ್ಪ ಎಲ್ಲರೂ ‘ಅಂಕಲ್’ ಎಂಬ ಒಂದೇ ಪದದಲ್ಲಿ ಕರಗಿಹೋಗಿರುತ್ತಾರೆ. ಈ ಮೂರರಲ್ಲಿ ಯಾವುದಾದರೂ ಒಂದನ್ನು ನೋಡಿ ‘ಇದು ಹೀಗೇಕೆ’ ಎಂದು ರಾತ್ರಿ ಊಟದ ಹೊತ್ತಿನಲ್ಲೂ ಕೆದಕುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ಹಾಳೆ ಅರ್ಧಕ್ಕೇ ಬೇಸರವಾಗಿ ಫೋನು ಕೈಗೆ ಬಂದರೆ ಅದೂ ಒಂದು ಉತ್ತರವೇ. ಮೂರು ವರ್ಷದ ಬದಲು ಮೂರು ಗಂಟೆಯಲ್ಲಿ ಸಿಕ್ಕ ಉತ್ತರ.

ಎರಡನೆಯ ಪರೀಕ್ಷೆ ಇನ್ನೂ ಕಠಿಣ. ನಿಮ್ಮೂರಿನ ಸಂತೆಗೋ ಬಸ್ ನಿಲ್ದಾಣಕ್ಕೋ ಜಾತ್ರೆಯ ಸಿದ್ಧತೆಗೋ ಮೂರು ಬಾರಿ ಹೋಗಿ ತಲಾ ಎರಡು ಗಂಟೆ ಇದ್ದು, ಕಂಡದ್ದನ್ನು ಅದೇ ಸಂಜೆ ಬರೆಯಬೇಕು. ಯಾರು ಎಲ್ಲಿ ಕೂರುತ್ತಾರೆ, ಯಾರು ಯಾರ ಜೊತೆ ಚೌಕಾಸಿ ಮಾಡುವುದಿಲ್ಲ, ಸಾಲ ಯಾರಿಗೆ ಸಿಗುತ್ತದೆ, ಹೆಂಗಸರು ಯಾವ ಹೊತ್ತಿಗೆ ಬಂದು ಯಾವ ಹೊತ್ತಿಗೆ ಹೋಗುತ್ತಾರೆ ಎಂಬಂಥ ಸಂಗತಿಗಳನ್ನು ಬರೆಯಬೇಕೇ ಹೊರತು ಸಂತೆಯ ಗದ್ದಲದ ವರ್ಣನೆಯನ್ನಲ್ಲ. ಮೊದಲ ದಿನ ನಾಲ್ಕು ಪುಟ ಸುಲಭವಾಗಿ ಬರುತ್ತದೆ, ಎರಡನೆಯ ದಿನ ಎಲ್ಲವೂ ಬರೆದದ್ದೇ ಅನ್ನಿಸುತ್ತದೆ. ಮೂರನೆಯ ದಿನ ಹೊಸದೇನಾದರೂ ಕಂಡರೆ, ವಿಶೇಷವಾಗಿ ಮೊದಲ ದಿನ ಬರೆದುಕೊಂಡದ್ದು ತಪ್ಪೆಂದು ಕಂಡರೆ, ಜನರ ನಡುವೆ ಇದ್ದು, ಕಂಡು ಕೇಳಿ ಕಲಿಯುವ ಕ್ಷೇತ್ರಕಾರ್ಯದ ರುಚಿ ಹತ್ತಿದೆ ಎಂದು ತಿಳಿಯಬಹುದು. ಮಾತುಗಾರರಿಗಿಂತ ಸುಮ್ಮನಿರಬಲ್ಲವರಿಗೆ ಈ ವಿಷಯ ಹೆಚ್ಚು ಒಲಿಯುತ್ತದೆ ಎಂಬುದು ನನ್ನ ಅಭಿಪ್ರಾಯ, ಆದರೆ ಸಂಕೋಚದಿಂದ ಯಾರನ್ನೂ ಮಾತನಾಡಿಸಲಾರದವರಿಗೆ ಅದು ಹಿಂಸೆಯೂ ಆಗಬಹುದು.

ಮೈಸೂರಿಗೆ ಹೋಗಿಬರಲು ಸಾಧ್ಯವಿದ್ದರೆ ಒಂದು ದಿನವನ್ನು ಅಲ್ಲಿ ಕಳೆಯುವುದು ಒಳ್ಳೆಯದು. 1945ರಲ್ಲಿ ಆರಂಭವಾಗಿ ಕೋಲ್ಕತ್ತದಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ, ಭೋಪಾಲಿನ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಶಾಖೆಯಿರುವ ವೆಲ್ಲಿಂಗ್ಟನ್ ಹೌಸ್, ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆ, 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ, ಇವೆಲ್ಲ ಆ ಒಂದೇ ಊರಿನಲ್ಲಿವೆ.

ಈ ವಿಷಯಕ್ಕೆ ಅಂಟಿದ ಹಳೆಯ ಕಳಂಕವನ್ನೂ ಅರ್ಜಿದಾರರು ಮೊದಲೇ ತಿಳಿದಿರಬೇಕು. ಬ್ರಿಟಿಷರ ಕಾಲದಲ್ಲಿ ಇದು ಆಳುವವರ ಕೈಯ ಸಾಧನವಾಗಿತ್ತು. ರಿಸ್ಲಿ, ಥರ್ಸ್ಟನ್ ಮುಂತಾದ ಅಧಿಕಾರಿಗಳು ಜನರ ಮೂಗಿನ ಅಗಲವನ್ನು ಅಳೆದು ಜಾತಿಗಳನ್ನು ಮೇಲುಕೀಳೆಂದು ಜೋಡಿಸಹೊರಟರು, ಮತ್ತು 1871ರ ಕಾನೂನು ಸಮುದಾಯಗಳಿಗೆ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿಮಾಡುವ ದಾರಿ ತೆರೆಯಿತು. ಮೈಸೂರು ಸಂಸ್ಥಾನದಲ್ಲಿ ಜನಾಂಗಗಳ ಸಮೀಕ್ಷೆಯ ಹೊಣೆ ಹೊತ್ತವರು ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳೂ ಆಗಿದ್ದ ಎಚ್.ವಿ. ನಂಜುಂಡಯ್ಯ. ಅವರ ನಿಧನದ ನಂತರ ಆ ಕೆಲಸವನ್ನು ಮಾನವಶಾಸ್ತ್ರಜ್ಞ ಎಲ್.ಕೆ. ಅನಂತಕೃಷ್ಣ ಅಯ್ಯರ್ ಪೂರ್ಣಗೊಳಿಸಿದರು. ಆ ಸಂಪುಟಗಳು ಇಂದಿಗೂ ಉಪಯುಕ್ತವಾಗಿವೆ, ಆದರೆ ಅವುಗಳಲ್ಲಿ ವರ್ಣಿತರಾದ ಸಮುದಾಯಗಳ ಮೊಮ್ಮಕ್ಕಳು ಈಗ ತರಗತಿಯಲ್ಲಿ ನಿಮ್ಮ ಪಕ್ಕದಲ್ಲೇ ಕುಳಿತು, ‘ನಮ್ಮ ಬಗ್ಗೆ ಬರೆದದ್ದು ಸರಿಯಿಲ್ಲ’ ಎನ್ನಬಹುದು. ಆ ಮಾತನ್ನು ತಾಳ್ಮೆಯಿಂದ ಕೇಳಲಾಗದವರು ಈ ಕಡೆ ಬರಬಾರದು. ಸ್ವತಃ ಜೇನುಕುರುಬ, ಕೊರಗ, ಸಿದ್ದಿ, ಸೋಲಿಗ ಸಮುದಾಯಗಳಿಂದ ಬಂದ ವಿದ್ಯಾರ್ಥಿಗಳಿಗೆ ಈ ವಿಷಯದಲ್ಲಿ ಕಲಿಯುವುದರ ಜೊತೆಗೆ ತಿದ್ದುವ ಕೆಲಸವೂ ಕಾದಿದೆ.

ಎಲ್ಲಿ, ಯಾವ ವಿಷಯಗಳ ಜೊತೆ

ಕರ್ನಾಟಕದಲ್ಲಿ ಮಾನವಶಾಸ್ತ್ರದ ಸ್ನಾತಕೋತ್ತರ ವಿಭಾಗಗಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಮೈಸೂರು ವಿಶ್ವವಿದ್ಯಾಲಯ ಹೆಸರಾಗಿವೆ. ಪದವಿ ಹಂತದಲ್ಲಿ ಇದನ್ನು ಕಲಿಸುವ ಕಾಲೇಜುಗಳು ಬೆರಳೆಣಿಕೆಯಷ್ಟು. ಹೊರಗೆ ಹೋಗುವವರಿಗೆ ದೆಹಲಿ ವಿಶ್ವವಿದ್ಯಾಲಯದ ಬಿಎಸ್ಸಿ ಆನರ್ಸ್ ಇದೆ, ಪ್ರವೇಶ ಸಿಯುಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ಅದಕ್ಕೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಬೇಕಾಗುವುದರಿಂದ ಕಲಾ ವಿಭಾಗದವರು ಆ ವರ್ಷದ ಅರ್ಹತಾ ನಿಯಮಗಳನ್ನು ಮೊದಲೇ ನೋಡಿಕೊಳ್ಳಬೇಕು. ಮನೆ ಬಿಡಲಾಗದವರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ದೂರಶಿಕ್ಷಣವಿದೆ. ಹೈದರಾಬಾದ್ ಮತ್ತು ಪುದುಚೇರಿಯ ಕೇಂದ್ರೀಯ ವಿಶ್ವವಿದ್ಯಾಲಯಗಳು, ಮದ್ರಾಸ್ ವಿಶ್ವವಿದ್ಯಾಲಯ ಮುಂತಾದೆಡೆ ಎಂಎ ಅಥವಾ ಎಂಎಸ್ಸಿ ಮಾಡಬಹುದು. ಬಹಳ ಜನಕ್ಕೆ ತಿಳಿಯದ ಸಂಗತಿಯೆಂದರೆ, ಪದವಿಯಲ್ಲಿ ಬೇರೆ ವಿಷಯ ಓದಿದವರಿಗೂ ಮಾನವಶಾಸ್ತ್ರದ ಎಂಎ ಹಲವೆಡೆ ತೆರೆದಿರುತ್ತದೆ. ಆದ್ದರಿಂದ ಹತ್ತಿರದಲ್ಲಿ ಒಳ್ಳೆಯ ವಿಭಾಗ ಸಿಗದಿದ್ದರೆ ಸಮಾಜಶಾಸ್ತ್ರವನ್ನೋ ಇತಿಹಾಸವನ್ನೋ ಪ್ರಾಣಿಶಾಸ್ತ್ರವನ್ನೋ ಚೆನ್ನಾಗಿ ಓದಿ, ಸ್ನಾತಕೋತ್ತರದಲ್ಲಿ ಈ ಕಡೆ ಹೊರಳುವುದು ನನ್ನ ದೃಷ್ಟಿಯಲ್ಲಿ ಕಳಪೆ ವಿಭಾಗವೊಂದರಲ್ಲಿ ಮೂರು ವರ್ಷ ಕೂರುವುದಕ್ಕಿಂತ ಮೇಲು.

ವಿಭಾಗ ಒಳ್ಳೆಯದೋ ಕಳಪೆಯೋ ಎಂದು ತಿಳಿಯುವುದು ಕಷ್ಟವಲ್ಲ. ಕಾಲೇಜಿಗೆ ಹೋಗಿ, ಪ್ರವೇಶ ವಿಭಾಗದ ಕಿಟಕಿಯ ಬಳಿ ನಿಲ್ಲದೆ ನೇರವಾಗಿ ವಿಭಾಗದ ಕೋಣೆಗೆ ನಡೆದು, ಕಾಯಂ ಅಧ್ಯಾಪಕರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು ಮಂದಿ ಎಂದು ವಿನಯದಿಂದ ಕೇಳಬೇಕು. ಪ್ರಯೋಗಾಲಯ ನೋಡಬಹುದೇ ಎಂದು ಕೇಳಿ, ಅಸ್ಥಿಪಂಜರವೂ ದೇಹದ ಅಳತೆಯ ಉಪಕರಣಗಳೂ ಬೀರುವಿನಲ್ಲಿ ಬೀಗ ಹಾಕಿ ಕುಳಿತಿವೆಯೇ, ವಿದ್ಯಾರ್ಥಿಗಳ ಕೈಗೆ ಸಿಗುತ್ತವೆಯೇ ಎಂಬುದನ್ನು ಗಮನಿಸಬೇಕು. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಕ್ಷೇತ್ರಕಾರ್ಯದ್ದು: ಕಳೆದ ವರ್ಷ ವಿದ್ಯಾರ್ಥಿಗಳು ಯಾವ ಊರಿಗೆ ಹೋಗಿದ್ದರು, ಎಷ್ಟು ದಿನ ಅಲ್ಲಿದ್ದರು, ಖರ್ಚು ಯಾರದು, ಹುಡುಗಿಯರ ವಸತಿಗೆ ಏನು ಏರ್ಪಾಡಿತ್ತು, ಬರೆದ ವರದಿಗಳನ್ನು ತೋರಿಸುತ್ತೀರಾ. ಹತ್ತು ದಿನ ಹಳ್ಳಿಯಲ್ಲಿ ತಂಗಿದ ತಂಡದ ವರದಿ ಓದಿದ ತಕ್ಷಣ ಗೊತ್ತಾಗುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಿದವರ ವರದಿಯೂ ಅಷ್ಟೇ ಬೇಗ ಗೊತ್ತಾಗುತ್ತದೆ.

ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಮತ್ತು ಮೂರು ಐಚ್ಛಿಕ ವಿಷಯಗಳ ಕ್ರಮ ಬಂದಿರುವುದರಿಂದ ಮಾನವಶಾಸ್ತ್ರದ ಜೊತೆಗೆ ಯಾವ ಎರಡು ವಿಷಯಗಳನ್ನು ಇಟ್ಟುಕೊಳ್ಳುತ್ತೀರಿ ಎಂಬುದು ಹೊಟ್ಟೆಪಾಡಿನ ಪ್ರಶ್ನೆಯಾಗುತ್ತದೆ. ಮುಂದೆ ಬಿ.ಎಡ್ ಮಾಡಿ ಪ್ರೌಢಶಾಲೆಯ ಶಿಕ್ಷಕರಾಗುವ ಯೋಚನೆ ಮನಸ್ಸಿನ ಮೂಲೆಯಲ್ಲಿ ಇದ್ದರೂ ಸಾಕು, ಶಾಲೆಯಲ್ಲಿ ಕಲಿಸುವ ಇತಿಹಾಸ, ಭೂಗೋಳ, ಅರ್ಥಶಾಸ್ತ್ರದಂಥ ವಿಷಯಗಳು ಕಾಂಬಿನೇಷನ್‌ನಲ್ಲಿ ಇರಲೇಬೇಕು. ಮಾನವಶಾಸ್ತ್ರ ಶಾಲೆಯ ವಿಷಯವಲ್ಲವಾದ್ದರಿಂದ ಅದೊಂದೇ ಶಿಕ್ಷಕರ ನೇಮಕಾತಿಯಲ್ಲಿ ಕೈಹಿಡಿಯುವುದಿಲ್ಲ. ಜೈವಿಕ ಕವಲಿನ ಕಡೆ ಒಲವಿದ್ದರೆ ಪ್ರಾಣಿಶಾಸ್ತ್ರ ಅಥವಾ ತಳಿವಿಜ್ಞಾನ, ವಿಧಿವಿಜ್ಞಾನದ ಕನಸಿದ್ದರೆ ಅಪರಾಧಶಾಸ್ತ್ರ ಸರಿಯಾದ ಜೊತೆ. ಸಂಖ್ಯಾಶಾಸ್ತ್ರವನ್ನು ಯಾರೂ ಪ್ರೀತಿಯಿಂದ ಆರಿಸುವುದಿಲ್ಲ, ಆದರೆ ಕ್ಷೇತ್ರಕಾರ್ಯವನ್ನೂ ಅಂಕಿಅಂಶವನ್ನೂ ಒಟ್ಟಿಗೆ ಬಲ್ಲವರಿಗೆ ಆರೋಗ್ಯ ಸಮೀಕ್ಷೆಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ, ಬಳಕೆದಾರರ ವರ್ತನೆಯನ್ನು ಅಧ್ಯಯನ ಮಾಡಿಸುವ ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಹುಡುಕುವುದು ಸುಲಭ.

ಐಎಎಸ್ ಆಸೆಯಿಂದ ಈ ಪದವಿಗೆ ಬರುವವರಿಗೆ ಒಂದು ಮಾತು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಮಾನವಶಾಸ್ತ್ರ ಜನಪ್ರಿಯ ಐಚ್ಛಿಕ ವಿಷಯವೆಂಬುದು ನಿಜ. ತಲಾ 250 ಅಂಕಗಳ ಎರಡು ಪತ್ರಿಕೆಗಳಿರುತ್ತವೆ, ಕನ್ನಡದಲ್ಲೂ ಬರೆಯಬಹುದು. ಆದರೆ ಐಚ್ಛಿಕವಾಗಿ ತೆಗೆದುಕೊಳ್ಳಲು ಅದರಲ್ಲಿ ಪದವಿ ಇರಬೇಕೆಂಬ ನಿಯಮವಿಲ್ಲ, ಎಂಜಿನಿಯರುಗಳೂ ವೈದ್ಯರೂ ಅದನ್ನು ಕೆಲವು ತಿಂಗಳು ಓದಿ ಬರೆಯುತ್ತಾರೆ. ಆ ಒಂದೇ ಕಾರಣಕ್ಕೆ ಮೂರು ವರ್ಷ ಕೊಡುವುದು ನೆಗಡಿಗೆ ಮೂಗು ಕೊಯ್ಸಿಕೊಂಡಂತೆ. ಅಧ್ಯಾಪನದ ದಾರಿ ಹಿಡಿಯುವವರು ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಎನ್ಇಟಿಯಲ್ಲಿ ಮಾನವಶಾಸ್ತ್ರ ಪ್ರತ್ಯೇಕ ವಿಷಯವಾಗಿರುವುದನ್ನೂ, ಕಲಿಸುವ ಕಾಲೇಜುಗಳು ಕಡಿಮೆಯಿರುವುದರಿಂದ ಹುದ್ದೆಗಾಗಿ ರಾಜ್ಯ ಬಿಡಬೇಕಾಗಬಹುದೆಂಬುದನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಓದಿಗೆ ಬೇಕಾದ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದವರು ಮೊದಲ ವರ್ಷ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕಾಗುತ್ತದೆ. ಹೊರದೇಶದಲ್ಲಿ ಬೆಳೆಯುತ್ತಿರುವ ಕನ್ನಡಿಗರ ಮಕ್ಕಳಿಗೆ ಈ ಆತುರವಿಲ್ಲ, ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಒಂದೆರಡು ವರ್ಷ ಬೇರೆಬೇರೆ ತರಗತಿಗಳಲ್ಲಿ ಕುಳಿತು ನೋಡಿದ ನಂತರವೇ ಮುಖ್ಯ ವಿಷಯವನ್ನು ಘೋಷಿಸಬಹುದು.

ಮನೆಯವರನ್ನು ಒಪ್ಪಿಸುವಾಗ ಸಂಬಳದ ಭರವಸೆ ಕೊಡಬೇಡಿ, ಅದು ನಿಲ್ಲುವುದಿಲ್ಲ. ಅದರ ಬದಲು ಅಜ್ಜಿಯ ಜೊತೆ ಕುಳಿತು ಬರೆದ ಆ ದೊಡ್ಡ ಹಾಳೆಯನ್ನು ಊಟದ ಮನೆಯಲ್ಲಿ ಹರಡಿ. ತಾವು ಎಂದೂ ಕೇಳಿರದ ಮುತ್ತಜ್ಜಿಯ ಹೆಸರನ್ನು ಅಪ್ಪ ಅದರಲ್ಲಿ ಓದುತ್ತಿರುವಾಗ, ಕಾಂಬಿನೇಷನ್‌ನ ಉಳಿದೆರಡು ವಿಷಯಗಳ ಮಾತನ್ನು ತೆಗೆಯಬಹುದು. ಪ್ರವೇಶವಾದ ಮೇಲೂ ಮೊದಲ ಕೆಲವು ವಾರ ಐಚ್ಛಿಕ ವಿಷಯ ಬದಲಿಸಲು ಅವಕಾಶವಿದೆಯೇ, ಕೊನೆಯ ದಿನಾಂಕ ಯಾವುದು ಎಂದು ಕಚೇರಿಯಲ್ಲಿ ಕೇಳಿ ಗುರುತು ಹಾಕಿಕೊಂಡಿರಿ, ಮತ್ತು ಆ ದಿನಾಂಕದೊಳಗೆ ತಲೆಬುರುಡೆಯ ತರಗತಿಯೊಂದರಲ್ಲಾದರೂ ಕುಳಿತು ಬನ್ನಿ.